ಎದೆಗೆ ಹೋಗದ ಮುಷ್ಟಿ

ಈ ಹುಡುಗಿ ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಚಪ್ಪಟೆ ಮಾಡಿದ್ದಾಳೆ, ಬಿಳಿ ಕೋಟಿನ ಮಡಿಕೆ ಇನ್ನೂ ಬಿಟ್ಟಿಲ್ಲ, ಬೆಳಗಿನಿಂದ ಇವಳು ಏಳನೆಯವಳು, ಪರದೆ ಸರಿಸಿ ಒಳಗೆ ಬಂದಳು, ನಮಸ್ಕಾರ ಅಮ್ಮ, ನಾನು ಕೊನೇ ವರ್ಷದ ವಿದ್ಯಾರ್ಥಿನಿ, ನಿಮ್ಮ ಹತ್ತಿರ ಸ್ವಲ್ಪ ಮಾತಾಡಬಹುದಾ — ಮಾತಾಡಮ್ಮ, ಅದಕ್ಕೇ ಅಲ್ವಾ ನನ್ನನ್ನ ಈ ಮಂಚದ ಮೇಲೆ ಮಲಗಿಸಿರೋದು, ಎಂದುಕೊಂಡಳೇ ಹೊರತು ಹೇಳಲಿಲ್ಲ, ರೋಗಿ ತಮಾಷೆ ಮಾಡಬಾರದೆಂದು ಅವಳಿಗೆ ಕೊಟ್ಟ ಕಾಗದದಲ್ಲಿದೆ. ಕಾಗದದಲ್ಲಿ ಎಲ್ಲ ಇದೆ, ವಯಸ್ಸು ಐವತ್ತೆರಡು, ಅರ್ಧ ಗಂಟೆಯಿಂದ ಎದೆನೋವು, ಎಡಗೈಗೂ ಇಳಿಯುತ್ತಿದೆ, ಬೆವರು — ಬೆವರಿಗೆ ನರ್ಸು ಸ್ಪ್ರೇ ಬಾಟಲಿಯಿಂದ ಹಣೆಗೆ ನೀರು ಹೊಡೆದು ಹೋಗುತ್ತಾಳೆ, ಕುಂಡದ ಗಿಡಕ್ಕೆ ಹೊಡೆದ ಹಾಗೆ — ನೋವು ಎಲ್ಲಿ ಎಂದು ಕೇಳಿದರೆ ಬೆರಳು ತೋರಿಸಬಾರದು, ಮುಷ್ಟಿ ಕಟ್ಟಿ ಎದೆಯ ನಡುವೆ ಒತ್ತಬೇಕು. ಒಂಬತ್ತು ವರ್ಷದಿಂದ ಈ ಮೆಡಿಕಲ್ ಕಾಲೇಜಿನ ಪರೀಕ್ಷೆಗಳಲ್ಲಿ ರೋಗಿಯ ಪಾತ್ರ ಅವಳದು, ಗಟ್ಟಿಮುಟ್ಟಾದ ಮೈಗೆ ಎಷ್ಟು ಕಾಯಿಲೆ ಹಾಕಿ ಬಿಚ್ಚಿದ್ದಾಳೋ, ಆದರೆ ಎದೆನೋವಿಗೆ ಅವಳೇ ಬೇಕು, ಇವರ ಮುಷ್ಟಿ ನೋಡಿದರೆ ನನಗೇ ನಾಡಿ ತಪ್ಪುತ್ತೆ ಅಂದಿದ್ದರು ಪ್ರೊಫೆಸರು, ಅದನ್ನು ಮನೆಗೆ ಹೋಗಿ ಅಕ್ಕನಿಗೆ ಹೇಳಿ ಬೀಗಿದ್ದಳು, ಅಕ್ಕ ತರಕಾರಿ ಹೆಚ್ಚುತ್ತ, ಹೂಂ ಕಣೇ, ಸಾಯೋದರಲ್ಲೂ ಫಸ್ಟ್ ರ್ಯಾಂಕು ಅಂದಿದ್ದಳು. ಅಕ್ಕ. ಟವೆಲ್ಲು. ಬೇಡ, ಈಗ ಬೇಡ.

ಯಾವಾಗಿಂದ ನೋವು ಅಮ್ಮ — ಅರ್ಧ ಗಂಟೆ ಆಯ್ತಮ್ಮ — ಅಕ್ಕನಿಗೆ ಯಾವಾಗ ಶುರುವಾಗಿತ್ತೋ, ಅದನ್ನು ಕೇಳಲೇ ಇಲ್ಲ, ಹೋದ ವರ್ಷ ಇಂಥದೇ ಪರೀಕ್ಷೆಗೆ ಹೊರಟು ಕನ್ನಡಿ ಮುಂದೆ ತಲೆ ಬಾಚುತ್ತಿದ್ದಳು, ಅಕ್ಕ ಬಚ್ಚಲ ಬಾಗಿಲಲ್ಲಿ ನಿಂತಿದ್ದಾಳೆ, ಒದ್ದೆ ಟವೆಲ್ಲು ಕೈಯಲ್ಲಿ ಜೋತುಬಿದ್ದಿದೆ, ನೀರು ತೊಟ ತೊಟ ಪಾದದ ಮೇಲೆ, ಇದನ್ನ ಸ್ವಲ್ಪ ಹಿಂಡಿಕೊಡೇ, ಕೈ ಮುಷ್ಟಿ ಕಟ್ಟೋಕೇ ಬರ್ತಿಲ್ಲ, ಏನೋ ವಾಕರಿಕೆ, ಸುಸ್ತು — ಎದೆನೋವಾ ಅಂತ ಕೇಳಿದ್ದಳು, ನಿಜ, ಕೇಳಿದ್ದಳು, ದೊಡ್ಡ ಡಾಕ್ಟರಮ್ಮನ ಹಾಗೆ, ಎದೆಗೇನೂ ಇಲ್ವೇ ಅಂದಳು ಅಕ್ಕ, ಮುಷ್ಟಿ ಎದೆಗೆ ಹೋಗಲಿಲ್ಲ, ಅಕ್ಕನ ಹಣೆಯ ಬೆವರು ಕಂಡರೂ ಸ್ನಾನದ ನೀರೆಂದುಕೊಂಡಳು, ಗ್ಯಾಸು ಕಣಕ್ಕ, ಇಷ್ಟಕ್ಕೆಲ್ಲ ನಾಟಕ ಮಾಡಬೇಡ, ನಿಂಗೆ ಬರಲ್ಲ — ಒಂದು ಮಾತ್ರೆ ಕೊಟ್ಟು, ಟವೆಲ್ಲನ್ನು ಹಿಂಡದೆ ಮೊಳೆಗೆ ಸಿಕ್ಕಿಸಿ, ಬಸ್ಸು ಹಿಡಿದು ಬಂದು, ಇದೇ ಮಂಚದಲ್ಲಿ ಹನ್ನೊಂದು ಮಕ್ಕಳಿಗೆ ಹನ್ನೊಂದು ಸಲ ಹೃದಯಾಘಾತ ಆಡಿ ತೋರಿಸಿದಳು, ಅಲ್ಲಿ ಅಕ್ಕನಿಗೆ ಒಂದೇ ಸಲ, ನಿಜವಾದದ್ದು. ಎರಡು ದಿನ ಬಿಟ್ಟು ಆಸ್ಪತ್ರೆಯಲ್ಲಿ, ಮೊದಲೇ ಬಂದಿದ್ದರೆ, ಎಂದು ಅರ್ಧಕ್ಕೆ ನಿಲ್ಲಿಸಿದ ಡಾಕ್ಟರು ಈ ಕಾಲೇಜಿನವನೇ, ಅವಳ ಮುಷ್ಟಿ ನೋಡಿ ಪಾಸಾದವನು, ಗುರುತು ಹಿಡಿದು ನಕ್ಕ ಕೂಡ. ಅಕ್ಕ ಸತ್ತಿದ್ದರೆ ಅತ್ತು ಮುಗಿಸಬಹುದಿತ್ತು, ಥೂ, ಎಂಥ ಯೋಚನೆ, ಅಕ್ಕ ಇದ್ದಾಳೆ, ಅರ್ಧ ಹೃದಯದಲ್ಲಿ ಇದ್ದಾಳೆ, ಹದಿನಾರು ಮೆಟ್ಟಿಲಿಗೆ ಮೂರು ಸಲ ಕೂರುತ್ತಾಳೆ, ಬೈಯುವುದಿಲ್ಲ, ನನ್ನದೇ ತಪ್ಪು ಬಿಡೇ, ಸರಿಯಾಗಿ ಆಕ್ಟ್ ಮಾಡಬೇಕಿತ್ತು ಅಂತ ನಗುತ್ತಾಳೆ, ಬೈದಿದ್ದರೆ ವಾಸಿಯಿತ್ತು.

ಹಾಗಾದರೆ ಕಾಯಿಲೆ ಅಂದರೆ ಯಾವುದು, ಮೈಯೊಳಗೆ ಆಗುವುದೋ, ಎದುರಿಗಿರುವವರಿಗೆ ತಿಳಿಯುವ ಹಾಗೆ ಹೇಳಲು ಬರುವುದೋ, ಏನೂ ಇಲ್ಲದ ಅವಳನ್ನು ಒಂಬತ್ತು ವರ್ಷದಿಂದ ಈ ಮಕ್ಕಳು ಗಾಬರಿಬಿದ್ದು ಉಳಿಸುತ್ತಿದ್ದಾರೆ, ಎಲ್ಲ ಇದ್ದ ಅಕ್ಕನಿಗೆ ಸಿಕ್ಕಿದ್ದು ಗ್ಯಾಸಿನ ಮಾತ್ರೆ. ಪ್ರೊಫೆಸರನ್ನು ಕೇಳಿಯೂ ಆಯಿತು, ಸರ್, ಒಂದೊಂದು ಸಲ ಬೇರೆ ಥರ ಹೇಳಲಾ, ಎದೆ ಮುಟ್ಟದೆ, ಬರೀ ಸುಸ್ತು ಅಂತ — ಕನ್ನಡಕ ಒರೆಸುತ್ತ ಅವರು, ಹಾಗೂ ಇರುತ್ತಮ್ಮ, ಹೆಂಗಸರಲ್ಲಿ ಇನ್ನೂ ಹೆಚ್ಚು, ಪಾಠದಲ್ಲಿ ಹೇಳಿರ್ತೀವಿ, ಆದರೆ ಪರೀಕ್ಷೇಲಿ ಎಲ್ಲರಿಗೂ ಒಂದೇ ನೋವು ಇರಬೇಕು, ಇಲ್ಲಾಂದ್ರೆ ಅಂಕ ಹೇಗೆ ಕೊಡೋದು. ನ್ಯಾಯವೇ. ಈ ಹುಡುಗಿಗೆ ಮಾತ್ರ ಬೇರೆ ನೋವು ಕೊಟ್ಟರೆ ಇವಳೊಬ್ಬಳೇ ಫೇಲು, ಕೊಡದಿದ್ದರೆ ಇವಳು ಪಾಸಾಗಿ ಎಲ್ಲೋ ಕುರ್ಚಿ ಹಾಕಿ ಕೂತು ಯಾರದೋ ಅಕ್ಕನಿಗೆ — ನೋವು ಎಲ್ಲಿ ಅಮ್ಮ. ಮುಷ್ಟಿ ತಾನೇ ಎದ್ದಿತು, ತಾನೇ ಎದೆಗೆ ಹೋಯಿತು, ಹುಡುಗಿಯ ಮುಖ ಅರಳಿತು, ಅವಳ ಕೈಯ ಕಾಗದದ ಚೌಕಗಳಲ್ಲಿ ಟಿಕ್, ಟಿಕ್, ಟಿಕ್, ಮೂಲೆಯಲ್ಲಿ ಕೂತ ಪ್ರೊಫೆಸರು ತಲೆಯಾಡಿಸಿದರು. ಇನ್ನು ಕೊನೆಯದು, ಎಲ್ಲರೂ ಕೇಳಲೇಬೇಕಾದದ್ದು, ಬೇರೆ ಏನಾದರೂ ಹೇಳೋದಿದೆಯಾ ಅಮ್ಮ, ಅದಕ್ಕೆ ಹೇಳಬೇಕಾದ ಉತ್ತರ, ಏನಿಲ್ಲಮ್ಮ, ಬೆಳಗಿನಿಂದ ಆರು ಸಲ ಏನಿಲ್ಲ ಅಂದಿದ್ದಾಳೆ, ಆವತ್ತು ಬಚ್ಚಲ ಬಾಗಿಲಲ್ಲಿ ಇದೊಂದನ್ನು ಕೇಳಿದ್ದರೆ — ಟವೆಲ್ಲು ಹಿಂಡೋಕೆ ಆಗ್ಲಿಲ್ಲಮ್ಮ, ಅಂದುಬಿಟ್ಟಳು. ಹುಡುಗಿಯ ಪೆನ್ನು ಮೇಲಿಂದ ಕೆಳಗೆ ಚೌಕ ಹುಡುಕಿತು, ಎಲ್ಲೂ ನಿಲ್ಲಲಿಲ್ಲ, ಪರವಾಗಿಲ್ಲ ಅಮ್ಮ, ಸುಸ್ತಿಗೆ ಹಾಗಾಗುತ್ತೆ, ಮೆತ್ತಗೆ ನಕ್ಕಳು, ಬರೆಯಲಿಲ್ಲ, ಮುಚ್ಚಳ ಹಾಕಿದಳು, ಗಂಟೆ ಹೊಡೆಯಿತು, ನರ್ಸು ಸ್ಪ್ರೇ ಬಾಟಲಿ ಹಿಡಿದು ಬಂದಳು, ಹಣೆಯಿಂದ ಕೆನ್ನೆಗೆ ನೀರು, ಪರದೆ ಸರಿಯಿತು, ಎಂಟನೆಯವನು, ನಮಸ್ಕಾರ ಅಮ್ಮ, ಮುಷ್ಟಿ ಕಟ್ಟಬೇಕು, ಬೆರಳು ಮಡಚಲು ಬರುತ್ತಿಲ್ಲ, ಟವೆಲ್ಲು, ಜೋತುಬಿದ್ದ ಟವೆಲ್ಲು, ಪಾದದ ಮೇಲೆ ತೊಟ, ತೊಟ