ಮುಚ್ಚಿದ ತೀರದ ಅಡುಗೆ

ಮೀನುಗಾರಿಕೆ ಕಚೇರಿಯ ಸಾಹೇಬ ಲಮ್ಜದ್‌ಗೆ ನಾನು ಹಾಕಿದಷ್ಟು ಶಾಪ ನನ್ನ ಸತ್ತ ಗಂಡನಿಗೂ ಹಾಕಿಲ್ಲ. ನಮ್ಮ ತೀರವನ್ನು ಮುಚ್ಚಿದವನು ಅವನೇ. ನಮ್ಮೂರು ಅಲ್-ಗರ್ಸಾದಲ್ಲಿ ಗಂಡಸರಿಗೆ ದೋಣಿ, ಹೆಂಗಸರಿಗೆ ಕೆಸರು. ಸಮುದ್ರ ಇಳಿದಾಗ ನಾವು ಕುಡುಗೋಲು ಹಿಡಿದು ಹೋಗಿ, ಬಗ್ಗಿ ಬಗ್ಗಿ ಕೆಸರು ಕೆದಕಿ ಕಪ್ಪೆಚಿಪ್ಪು ಹೆಕ್ಕುತ್ತೇವೆ. ಲಾರಿಯವನು ಬಂದು ತೂಗಿಕೊಂಡು ಹೋಗುತ್ತಾನೆ, ಅದು ಇಟಲಿಯವರ ಹೊಟ್ಟೆ ಸೇರುತ್ತದೆ. ನಾವಂತೂ ಅದನ್ನು ತಿನ್ನುವವರಲ್ಲ. ಅದರ ರುಚಿ ಏನೆಂದು ನನಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲ.

ಒಂದು ದಿನ ತೀರದಲ್ಲಿ ಫಲಕ ಎದ್ದಿತು. ಚಿಪ್ಪಿನಲ್ಲಿ ವಿಷ ಸೇರಿದೆ, ಯಾರೂ ಇಳಿಯಕೂಡದು. ಸರಿಯಪ್ಪ ಎಂದು ಸುಮ್ಮನಾದೆವು. ಆ ವಿಷ ಕೆಟ್ಟದ್ದು, ಬೆರಳು ಜೋಮು ಹಿಡಿದು ಉಸಿರೇ ನಿಂತುಹೋಗುತ್ತದೆ ಎಂದು ಕೇಳಿದ್ದೆವು. ಆದರೆ ಆ ಚಳಿಗಾಲ ಹೋಯಿತು, ಇನ್ನೊಂದು ಚಳಿಗಾಲ ಬಂತು, ಫಲಕ ಮಾತ್ರ ಅಲ್ಲಾಡಲಿಲ್ಲ. ಲಾರಿಯವನು ಬೇರೆ ಊರಿನ ದಾರಿ ಹಿಡಿದ. ನನ್ನ ಗೆಳತಿ ತುರ್ಕಿಯಾ ಮೊದಲು ಕಿವಿಯೋಲೆ ಮಾರಿದಳು, ಆಮೇಲೆ ಮೇಕೆ ಮಾರಿದಳು.

ಆಗ ನನ್ನ ತಂಗಿಯ ಮಗಳು ಹನಿಯಾ ಹೇಳಿದಳು, "ಖಾಲ್ತಿ, ನೀರು ಪರೀಕ್ಷೆ ಮಾಡಿಸಿರ್ತಾರಲ್ಲ, ಅದರ ವರದಿ ಕೇಳೋಣ. ಕಾನೂನಿದೆ. ಕೇಳಿದ್ದನ್ನ ಕೊಡ್ಲೇಬೇಕು."

ಕೇಳಿದೆವು. ಲಮ್ಜದ್ ಉತ್ತರವನ್ನೇ ಕೊಡಲಿಲ್ಲ. ಹೋಗಿ ನಿಂತರೆ, "ಜನ ಗಾಬರಿಯಾಗ್ತಾರೆ ಖಾಲ್ತಿ, ಅದು ಗುಟ್ಟಿನ ವಿಷಯ" ಎಂದ. ಊರಿಗೆಲ್ಲ ನಾನು ಖಾಲ್ತಿ, ದೊಡ್ಡಮ್ಮ. ಹನಿಯಾ ಬಿಡಲಿಲ್ಲ. ರಾಜಧಾನಿಯ ಮಾಹಿತಿ ಆಯೋಗಕ್ಕೆ ದೂರು ಕೊಟ್ಟಳು. ವರದಿ ಕೊಡಿ ಎಂದು ಆಯೋಗ ಆದೇಶ ಮಾಡಿತು. ಅದನ್ನು ಒಯ್ದು ಮೇಜಿನ ಮೇಲಿಟ್ಟರೆ ಅವನು ಕನ್ನಡಕ ಏರಿಸಿ ಓದಿ, "ನಾಳೆ ಬನ್ನಿ" ಎಂದ. ನಾಳೆ ಹೋದೆವು. ಮತ್ತೆ ನಾಳೆ ಎಂದ. ನನಗೆ ನಖಶಿಖಾಂತ ಉರಿದುಹೋಯಿತು.

"ಇವನ ನಾಳೆಗಿಷ್ಟು ಬೆಂಕಿ ಬೀಳ. ನಾಳೆ ನಾವು ಇವನ ಬಾಗಿಲಲ್ಲೇ ಅಡುಗೆ ಮಾಡೋಣ" ಎಂದೆ.

"ಏನಡುಗೆ?" ಎಂದಳು ತುರ್ಕಿಯಾ.

"ಕಪ್ಪೆಚಿಪ್ಪಿಂದು. ಮುಚ್ಚಿದ ತೀರದ್ದೇ."

"ಅದನ್ನ ಹೇಗೆ ಬೇಯಿಸ್ತಾರೆ ಅಂತಾದ್ರೂ ಗೊತ್ತೇನೇ ನಿಂಗೆ?"

ಗೊತ್ತಿರಲಿಲ್ಲ. ಹರೀಸಾ ಖಾರ ಅರೆದು ಹಾಕಿದರೆ ಚಪ್ಪಲಿಯೂ ಬೇಯುತ್ತದೆ ಎಂದೆ. ಬೆಳಿಗ್ಗೆ ನೀರಿಳಿದಾಗ ತೀರದ ಕಾವಲಿನವನು ಕೂಗುತ್ತಿದ್ದರೂ ಕೆಸರಿಗಿಳಿದು ಒಂದು ಬುಟ್ಟಿ ಹೆಕ್ಕಿದೆವು. ಕಚೇರಿಯ ಅಂಗಳದಲ್ಲಿ ಒಲೆ ಹೂಡಿ, ಗೋಧಿ ರವೆಯ ಕುಸ್ಕುಸ್ ಹಬೆಗಿಟ್ಟು, ಕೆಂಪಗೆ ಸಾರು ಕುದಿಸಿದೆವು. ಊರಿನ ಹೆಂಗಸರೆಲ್ಲ ಬಂದು ಕೂತರು. ಘಮಕ್ಕೆ ಗುಮಾಸ್ತರು ಒಬ್ಬೊಬ್ಬರಾಗಿ ಕಿಟಕಿಗೆ ಬಂದು ನಿಂತರು.

ಮಧ್ಯಾಹ್ನ ಲಮ್ಜದ್ ಹೊರಗೆ ಬಂದ. "ಏನಿದು ಖಾಲ್ತಿ ಮಬ್ರೂಕಾ, ಇದೇನು ಮದುವೆ ಮನೆಯಾ?"

"ಕೂತ್ಕೋ ಮಗಾ" ಎಂದು ಅವನ ಮುಂದೆ ತಟ್ಟೆ ಇಟ್ಟೆ. "ನಮ್ಮ ತೀರದ್ದು. ಬೆಳಿಗ್ಗೆ ಹೆಕ್ಕಿದ್ದು. ವಿಷ ಇದ್ರೆ ಬೇಡ ಅನ್ನು, ಆ ವಿಷದ ವರದಿ ಕೊಡು. ಇಲ್ಲ ಅಂದ್ರೆ ತಿನ್ನು, ಫಲಕ ಕೀಳು."

ಎದುರಿಗಿಟ್ಟ ತಟ್ಟೆಯಲ್ಲಿ ಒಂದು ತುತ್ತಾದರೂ ಮುಟ್ಟದೆ ಎದ್ದರೆ, ಇಟ್ಟವರ ಮನೆಗೆ ಕೇಡು ಬಯಸಿದ ಹಾಗೆ ನಮ್ಮಲ್ಲಿ. ಲಮ್ಜದ್ ನಮ್ಮೂರವನೇ, ಅವನಿಗೂ ಅದು ಗೊತ್ತು. ತಟ್ಟೆ ನೋಡಿದ, ಹೆಂಗಸರನ್ನು ನೋಡಿದ, ಕಿಟಕಿಯ ಕಡೆ ನೋಡಿದ.

"ನಾನಿವತ್ತು ಉಪವಾಸ ಖಾಲ್ತಿ. ರಮದಾನಿನಲ್ಲಿ ಬಿಟ್ಟುಹೋಗಿದ್ದು ಬಾಕಿ ಇತ್ತು."

ತುರ್ಕಿಯಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೇಳಿದಳು, "ಹೌದಾ ಮಗಾ? ಈಗ ತಾನೇ ಆ ಕಿಟಕೀಲಿ ನಿಂತು ಸಿಗರೇಟು ಎಳೀತಿದ್ದೆಯಲ್ಲ, ಅದೂ ಬಾಕಿದೇನಾ?"

ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗುಮಾಸ್ತರೂ ನಕ್ಕರು. ಲಮ್ಜದ್‌ನ ಮುಖ ಸಾರಿಗಿಂತ ಕೆಂಪಾಯಿತು.

"ಪೊಲೀಸರನ್ನ ಕರೀತೀನಿ."

"ಕರಿ, ಅವ್ರಿಗೂ ಒಂದೊಂದು ತಟ್ಟೆ ಇಡ್ತೀವಿ" ಎಂದೆ.

ಅವನು ಕೈಕಟ್ಟಿ ನಿಂತುಬಿಟ್ಟ. ತಿನ್ನಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಹೀಗೇ ಬಿಟ್ಟರೆ ಇದೂ ಇನ್ನೊಂದು ನಾಳೆಯಾಗುತ್ತದೆ ಎನಿಸಿತು. ತುರ್ಕಿಯಾಳ ಬರಿ ಕಿವಿ ಕಣ್ಣಿಗೆ ಬಿತ್ತು. ಹಾಳಾಗಿ ಹೋಗಲಿ ಎಂದು ಆ ತಟ್ಟೆಯನ್ನು ನನ್ನ ಕಡೆಗೇ ಎಳೆದುಕೊಂಡೆ.

"ನೀನು ತಿನ್ನಲ್ವಾ? ಸರಿ, ನಾನೇ ತಿಂತೀನಿ. ಸತ್ರೆ ನಿನ್ನ ಮಾತು ನಿಜ."

ಹನಿಯಾ ನನ್ನ ತೋಳು ಹಿಡಿದಳು. "ಖಾಲ್ತಿ, ಬೇಡ. ಇದು ನಾವು ಮಾತಾಡ್ಕೊಂಡಿದ್ದಲ್ಲ."

ಅವಳ ಕೈ ಬಿಡಿಸಿಕೊಂಡೆ. ಬಾಯಲ್ಲಿ ಹೇಳಿದ್ದು ಸುಲಭ. ಚಮಚ ಎತ್ತಿದಾಗ ಹಳದಿ ಚಿಪ್ಪುಮಾಂಸ ಅದರಲ್ಲಿ ಅಲ್ಲಾಡಿತು. ಹೆದರಿದ್ದೆ, ಸುಳ್ಳೇಕೆ ಹೇಳಲಿ. ಫಲಕದ ಮಾತು ನಿಜವೋ ಸುಳ್ಳೋ ಯಾರಿಗೆ ಗೊತ್ತಿತ್ತು? ಗೊತ್ತಿದ್ದವನು ಬಾಯಿ ಬಿಟ್ಟಿರಲಿಲ್ಲ. ಹೆಂಗಸರ ನಗು ನಿಂತಿತು. ಯಾರೋ ಸಾಯುವ ಹೊತ್ತಿನ ಕಲ್ಮಾ ಹೇಳತೊಡಗಿದರು. ಚಮಚ ತುಟಿಯ ಹತ್ತಿರ ಬಂತು, ಸಾರು ಗಲ್ಲದ ಮೇಲೆ ಚೆಲ್ಲಿತು.

ಲಮ್ಜದ್ ತಡೆಯಲಾರದೆ ಬಗ್ಗಿ, ಸ್ವಂತ ತಾಯಿಗೆ ಹೇಳುವಂತೆ ಮೆಲ್ಲಗೆ ಹೇಳಿದ, "ಹೆದರ್ಬೇಡ ಖಾಲ್ತಿ, ತಿನ್ನು. ಏನೂ ಆಗಲ್ಲ."

ನಾನು ಚಮಚವನ್ನು ತುಟಿಯಿಂದ ಕೆಳಗಿಳಿಸಿದೆ.

"ಏನೂ ಆಗಲ್ಲ ಅಂತ ನಿಂಗೆ ಹೇಗೆ ಗೊತ್ತು?" ಎಂದೆ.

ನಾನು ಆ ಚಮಚವನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದೆ. ಮರಳು ಕಚಕಚ ಎಂದಿತು, ರುಚಿ ಮಾತ್ರ ಚೆನ್ನಾಗಿತ್ತು. ನಂತರ ಎದ್ದು ಅವನ ಮುಖಕ್ಕೆ ಮುಖ ಕೊಟ್ಟು ನಿಂತೆ.

"ನಮ್ಮ ಮಕ್ಕಳು ಬರಿ ರೊಟ್ಟಿ ಎಣ್ಣೇಲದ್ದಿ ತಿಂದ್ರು. ತುರ್ಕಿಯಾ ಮೇಕೆ ಮಾರಿದ್ಳು. ನಾವು ವಿಷಕ್ಕೆ ಹೆದರಿ ಮನೇಲಿ ಕೂತ್ವಿ. ವಿಷ ಇಲ್ಲ ಅಂತ ಇಷ್ಟು ದಿನ ನಿಂಗೆ ಗೊತ್ತಿತ್ತು. ಹೌದಾ, ಅಲ್ವಾ?"

ನಾವು ಯಾರೂ ಕದಲಲಿಲ್ಲ. ಕಡೆಗೆ ಒಳಗೆ ಹೋದವನು ವರದಿ ತಂದು ನನಗಲ್ಲ, ಹನಿಯಾಳ ಕೈಗೆ ಕೊಟ್ಟ. ಅವಳು ಎಲ್ಲರಿಗೂ ಕೇಳುವಂತೆ ಓದಿದಳು. ನೀರು ಶುದ್ಧ, ಚಿಪ್ಪು ಶುದ್ಧ. ಪರೀಕ್ಷೆ ನಡೆದದ್ದು ಫಲಕ ನೆಡುವುದಕ್ಕೂ ಹಿಂದಿನ ವಾರ.

ತುರ್ಕಿಯಾ ಅತ್ತಳು. ನಾನು ಅಳಲಿಲ್ಲ. ಅಳುವುದಕ್ಕೆ ಪುರುಸೊತ್ತಿರಲಿಲ್ಲ.

"ಮುಗೀತಲ್ಲ ಖಾಲ್ತಿ?" ಎಂದ ಲಮ್ಜದ್. "ಕೇಳಿದ್ದು ಸಿಕ್ತು, ಇನ್ನು ಮನೆಗೆ ಹೋಗಿ."

"ಎಲ್ಲಿಗೆ ಮನೆಗೆ?" ಎಂದು ಅಲ್ಲೇ ಕಟ್ಟೆಯ ಮೇಲೆ ಕೂತೆ. "ಹನಿಯಾ, ಹೊಸ ಅರ್ಜಿ ಬರಿಯಮ್ಮ. ಶುದ್ಧವಾಗಿದ್ದ ತೀರವನ್ನ ಯಾರು ಹೇಳಿದ್ದಕ್ಕೆ ಮುಚ್ಚಿದ್ರು, ಅವರ ಹೆಸರು ಕೊಡಿ ಅಂತ."