ಕಪ್ಪು ಹೋದ ತಟ್ಟೆ

“ಅಯ್ಯೋ ಅತ್ತಿಗೆ, ಇದೇನು ಇಷ್ಟು ಕರ್ರಗಿದೆ? ನಾಳೆ ಬರೋರು ಇದನ್ನೂ ಫೋನಲ್ಲಿ ಹಿಡಿದು ಲೋಕಕ್ಕೆಲ್ಲ ತೋರಿಸ್ತಾರಲ್ಲ, ಮಾನ ಉಳಿಯುತ್ತಾ?”

ಹಾಗೆಂದವಳು ಶಿವಲೀಲಾ, ನಮ್ಮ ಯಜಮಾನ ಮರುಳಸಿದ್ದಪ್ಪನ ತಂಗಿ. ಬಾಯಿ ಜೋರು, ಮನಸ್ಸಲ್ಲಿ ಕೆಟ್ಟದ್ದೇನೂ ಇಲ್ಲ. ಅವಳು ಬೆರಳು ತೋರಿಸಿದ್ದು ನನ್ನ ಕಡೆಗೆ. ನಾನೊಂದು ಕಬ್ಬಿಣದ ತಟ್ಟೆ. ತಿಪಟೂರಿನ ಒಂದು ಪುಟ್ಟ ಬೇಕರಿಯಲ್ಲಿ ಪಿಜ್ಜಾ ಬೇಯಿಸುವ ತಟ್ಟೆ.

ನಾನು ಹುಟ್ಟಿದ್ದು ಅರಸೀಕೆರೆಯ ಇಮಾಂ ಸಾಬರ ಸುತ್ತಿಗೆಯ ಕೆಳಗೆ. ಆಗ ಮಿರಮಿರ ಮಿಂಚುತ್ತಿದ್ದೆ, ಕೆಲಸಕ್ಕೆ ಮಾತ್ರ ಬರುತ್ತಿರಲಿಲ್ಲ. ನನ್ನನ್ನು ಕೊಂಡವರು ಬೇಕರಿಯ ಶ್ರೀನಿವಾಸಯ್ಯ. ಎಣ್ಣೆ ಸವರಿ ಸೌದೆ ಒಲೆಗೆ ತಳ್ಳೋರು, ತೆಗೆಯೋರು, ಮತ್ತೆ ಸವರೋರು. ಅವರ ಖಾರದ ಬನ್ನು ಬೆಂದಂತೆಲ್ಲ ನನ್ನ ಮೈ ಕಪ್ಪಾಗುತ್ತ, ನುಣ್ಣಗಾಗುತ್ತ ಬಂತು. ಒಣಬಟ್ಟೆಯಲ್ಲಿ ಒರೆಸಿದರೆ ನನ್ನ ಸ್ನಾನ ಮುಗೀತು. ಆ ಕಪ್ಪು ಕೊಳೆಯಲ್ಲ ಸ್ವಾಮಿ, ನನ್ನ ಚರ್ಮ. ಅದಿದ್ದರೆ ಹಿಟ್ಟು ಅಂಟೋದಿಲ್ಲ, ತಳ ಗರಿಗರಿ ಏಳುತ್ತೆ.

ಅಯ್ಯನವರಿಗೆ ಕಣ್ಣು ಮಂಜಾದ ಮೇಲೆ ಒಲೆಯ ಜೊತೆ ನಾನೂ ಮರುಳಸಿದ್ದಪ್ಪನ ಕೈಗೆ ಬಂದೆ. ಪಿಜ್ಜಾ ಶುರುಮಾಡಿದ್ದು ಅವನೇ. “ಚೀಸ್ ಬೆಂಗಳೂರಿಂದ ಬರಬೇಕು, ಬರೋ ಹೊತ್ತಿಗೆ ಬೆವರಿರುತ್ತೆ. ನಮ್ಮೂರಲ್ಲಿ ಕಾಯಿಗೇನು ಬರ?” ಅಂದವನೇ ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನ ಪಲ್ಯ ಹರಡಿ ಮೇಲೆ ಕಾಯಿತುರಿ ಸುರಿದ. ಚೀಸು ಹೆಸರಿಗಷ್ಟೆ. ಸಂತೆಯಿಂದ ಬರೋ ಹೆಂಗಸರು, “ಕಾಯಿ ಪಿಜ್ಜಾ ಬಿಸಿ ಇದೆಯೇನಪ್ಪಾ?” ಅಂತ ಕೂಗಿ ಕೇಳೋರು.

ಆಮೇಲೆ ಬಸ್ ಸ್ಟ್ಯಾಂಡಿನ ಎದುರು ಗಾಜಿನ ಬಾಗಿಲಿನ ದೊಡ್ಡ ಪಿಜ್ಜಾ ಅಂಗಡಿ ಬಂತು. ತಣ್ಣನೆ ಗಾಳಿ, ಬಣ್ಣದ ಡಬ್ಬಿ. ಗಿರಾಕಿಗಳು ಅತ್ತ ಹೋದರು. ಬಾಡಿಗೆ ಬಾಕಿ ಬಿತ್ತು, ಕಟ್ಟಡದವರು ಯುಗಾದಿಗೆ ಖಾಲಿ ಮಾಡಿ ಅಂದರು. ಅಷ್ಟರಲ್ಲಿ ಒಂದು ಫೋನು: ಊರೂರು ಸುತ್ತಿ ಒಳ್ಳೆ ಪಿಜ್ಜಾ ಹುಡುಕಿ ವಿಡಿಯೋ ಮಾಡೋ ಉದಯಶಂಕರ್ ಅನ್ನೋರು ಬರ್ತಾರಂತೆ.

“ಇದೊಂದೇ ದಾರಿ ಕಣೆ ಗಂಗೂ,” ಅಂದ ಯಜಮಾನ ಹೆಂಡತಿಗೆ. “ಅವರು ಮೆಚ್ಚಿದರೆ ಜನ ಬರ್ತಾರೆ, ಕಟ್ಟಡದವರ ಕಾಲು ಹಿಡಿಯೋಕೆ ಮುಖ ಇರುತ್ತೆ. ಇಲ್ಲಾಂದ್ರೆ ಬಾಗಿಲು ಹಾಕೋದೇ.”

ಗಂಗಾಂಬಿಕೆಯ ಕೆಲಸ ದುಡ್ಡಿನ ಗಲ್ಲಾಪೆಟ್ಟಿಗೆಯ ಹತ್ತಿರ. ಒಲೆಯ ಸಂಗತಿ ಅವಳಿಗೆ ತಿಳಿಯದು. ನಾದಿನಿಯ ಮಾತು ಚುಚ್ಚಿತೋ ಏನೋ, ಯಜಮಾನ ಸೌದೆ ತರಲು ಹೋದಾಗ ನನ್ನನ್ನೂ ನನ್ನ ಜೊತೆಯ ತಟ್ಟೆಗಳನ್ನೂ ಹಿತ್ತಲಿಗೆ ಒಯ್ದಳು. ಸೋಪಿನ ಪುಡಿ, ಇಟ್ಟಿಗೆ ಪುಡಿ, ತೆಂಗಿನ ನಾರು. ಬೇಡ ತಾಯಿ, ಬೇಡ ಅಂತ ಒಳಗೊಳಗೇ ಅರಚಿದೆ. ಕಬ್ಬಿಣ ಅತ್ತರೆ ಯಾರಿಗೆ ಕೇಳಿಸುತ್ತೆ? ವರ್ಷವರ್ಷಗಳ ಚರ್ಮ ಕಪ್ಪುನೀರಾಗಿ ಮೋರಿಗೆ ಹರಿಯಿತು.

“ನೋಡಿ, ಹೆಂಗೆ ಹೊಳೀತಿದೆ!” ಬೆಳಿಗ್ಗೆ ಗಂಡನಿಗೆ ತೋರಿಸಿದಳು. ಅವಳ ಉಗುರುಗಳು ಸೀಳಿಹೋಗಿದ್ದವು. ಅವನ ಕೈ ನನ್ನ ಮೇಲೆ ಹಾಗೇ ನಿಂತುಬಿಟ್ಟಿತು.

“ಬೆಳ್ಳಿ ಥರ ಇದೆ ಕಣೆ,” ಅಂದ.

ಎಣ್ಣೆ ಸವರಿ ಕಾಯಿಸಿ ನನ್ನನ್ನು ಮತ್ತೆ ಹದ ಮಾಡೋಕೆ ಹೊತ್ತೆಲ್ಲಿ? ಅತಿಥಿ ಬಾಗಿಲಲ್ಲೇ ಇದ್ದರು.

“ಮಂಗಳೂರಲ್ಲಿ ಒಬ್ಬರು ಸಿಗಡಿ ಹಾಕ್ತಾರೆ, ಹುಬ್ಬಳ್ಳಿಯಲ್ಲಿ ಒಬ್ಬರು ಶೇಂಗಾ ಚಟ್ನಿಪುಡಿ ಉದುರಿಸ್ತಾರೆ. ಎರಡೂ ತಿಂದು ಬಂದೆ. ನಿಮ್ಮದರ ತಳ ಹಪ್ಪಳದ ಹಾಗೆ ಮುರಿಯುತ್ತಂತೆ. ಆ ಸದ್ದು ಹಿಡೀಬೇಕು ಸಾರ್ ನಾನು!”

ಸದ್ದು ಬರಲಿಲ್ಲ. ಹಿಟ್ಟು ನನ್ನನ್ನು ಕಚ್ಚಿ ಹಿಡಿಯಿತು. ಬಿಡಬೇಕೆಂದು ನಾನು ಎಷ್ಟು ಒದ್ದಾಡಿದರೂ ಬಿಡಲಾಗಲಿಲ್ಲ. ಕೆರೆದರೆ ಪಲ್ಯ ಬಂತು, ತಳ ನನ್ನಲ್ಲೇ ಉಳಿಯಿತು. ಇನ್ನೊಂದು ತಟ್ಟೆಯಲ್ಲೂ ಅದೇ ಕಥೆ. ಉದಯಶಂಕರ್ ಮೆಲ್ಲಗೆ ಫೋನು ಕೆಳಗಿಳಿಸಿದರು.

“ಪಲ್ಯ ಚೆನ್ನಾಗಿದೆ ಸಾರ್.”

“ನಾಳೆ ಒಂದು ದಿನ ಇದ್ದುಬಿಡಿ. ಕೈ ಮುಗೀತೀನಿ.”

“ದಾವಣಗೆರೆಯವರಿಗೆ ಹೇಳಿಬಿಟ್ಟಿದ್ದೀನಲ್ಲ...”

ಯುಗಾದಿ ಕಳೆಯಿತು. ಒಲೆಯನ್ನು ಒಡೆದರು. ಈಗ ನಾನು ಅವರ ಮನೆಯ ಬಚ್ಚಲ ಗೋಡೆಗೆ ಒರಗಿಕೊಂಡಿದ್ದೇನೆ. ಗಂಗಾಂಬಿಕೆಯ ಮೇಲೆ ನನಗೆ ಸಿಟ್ಟಿಲ್ಲ. ನೆಂಟರು ಬರ್ತಾರೆ ಅಂದರೆ ಅಂಗಳ ಸಾರಿಸೋ ಕೈ ಅದು. ನಾನು ಅನ್ನ ಹುಟ್ಟಿಸುತ್ತಿದ್ದದ್ದು ಆ ಕಪ್ಪಿನಿಂದ ಅಂತ ಯಾರಾದರೂ ಅವಳಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು.

ನಿನ್ನೆ ಅವಳು ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದಳು. “ನಿಜ ಹೇಳಿ. ನಾನು ತಿಕ್ಕಿದ್ದಕ್ಕೇ ಅಲ್ವಾ ಅವತ್ತು ಅಂಟಿದ್ದು?”

“ಏ ಬಿಡೆ. ಹಿಟ್ಟು ನೀರಾಗಿತ್ತು, ತಪ್ಪು ನಂದು. ತಟ್ಟೆ ತೊಳೆದರೆ ಯಾರಾದ್ರೂ ಅಂಗಡಿ ಮುಚ್ತಾರಾ?”

ಅವನು ನಕ್ಕ. ಅವಳೂ ನಕ್ಕಳು. ನನ್ನನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು. ಕಪ್ಪಿದ್ದ ಕಾಲದಲ್ಲಿ ನನ್ನನ್ನು ಮುಟ್ಟದ ತುಕ್ಕು ಕೆಂಪಗೆ ಸೆರಗಿಗೆ ಹತ್ತಿತು. ಆ ಕಲೆಯನ್ನು ನೋಡಿದಳು, ಗಂಡನ ಬೆನ್ನನ್ನು ನೋಡಿದಳು. ಅವನು ತಿರುಗೋದರೊಳಗೆ ಕಲೆಯ ಕಡೆಯನ್ನು ಒಳಕ್ಕೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.