ಮೀನಿನ ಪೆಟ್ಟಿಗೆಯಲ್ಲಿಟ್ಟ ಔಷಧಿ

ನಾನು ಕೋಲ್ಡ್ ಸ್ಟೋರೇಜ್ ಮೆಕ್ಯಾನಿಕ್. ಹಾಲು, ಹಣ್ಣು, ಮಾಂಸ, ಏನೇ ಕೊಡಿ, ಕೆಡದ ಹಾಗೆ ಇಟ್ಟುಕೊಡುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ, ಹಾಗಾಗಿ ಸ್ವಲ್ಪ ಕೊಬ್ಬೂ ಇದೆ. ಇದ್ದದ್ದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮದು ನಾಲ್ಕು ಜನರ ಸಂಸಾರ. ನಾನು, ದರ್ಜಿ ಕೆಲಸ ಮಾಡುವ ಹೆಂಡತಿ, ಲೆಕ್ಕದ ಟೀಚರಾಗಿ ನಿವೃತ್ತರಾದ ಅತ್ತೆ, ಹತ್ತು ವರ್ಷದ ಮಗಳು ಗುಬ್ಬಿ. ಗುಬ್ಬಿಗೆ ಹೋದ ವರ್ಷ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ದೊಡ್ಡವರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವಂಥದ್ದು. ಪೆನ್ನಿನಂಥ ಸಿರಿಂಜಿನಲ್ಲಿ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು, ಒಂದು ದಿನ ತಪ್ಪಿದರೆ ಜೀವಕ್ಕೇ ಬರುತ್ತದೆ. "ಬಟ್ಟೆಗೆ ಸೂಜಿ ಹಾಕೋ ಕೈ ಮಗಳಿಗೂ ಹಾಕೋ ಹಾಗಾಯ್ತಲ್ಲೇ" ಅಂತ ಅತ್ತೆ ಒಂದು ದಿನ ಅಡುಗೆಮನೆಯಲ್ಲಿ ಕೂತು ಅತ್ತರು. ಹೆಂಡತಿ ಅಳಲಿಲ್ಲ. ಅವಳಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ವಸಂತದ ರಜೆ ಬಂತು. ಎಲ್ಲಾದರೂ ಹೋಗೋಣ ಅಂತ ಹಟ ಹಿಡಿದವನು ನಾನು. ಕಾರಿನಲ್ಲಿ ಐದು ಗಂಟೆಯ ದಾರಿ, ಕೆರೆಯ ದಂಡೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ನಾಲ್ಕು ದಿನ ಮೀನು ಹಿಡಿಯುವುದು, ತಿನ್ನುವುದು, ಮಲಗುವುದು.

"ಔಷಧಿ?" ಅಂದಳು ಹೆಂಡತಿ.

"ಔಷಧೀನ ತಂಪಾಗಿಡೋದು ನನ್ನ ಜವಾಬ್ದಾರಿ ಕಣೆ. ಊರಿನವರ ಮಾಂಸಾನೆಲ್ಲ ಕಾಯೋನು ನನ್ನ ಮಗಳ ಔಷಧಿ ಕಾಯಲ್ವಾ?"

"ಚುಚ್ತಿರೋ ಪೆನ್ನು ಹೊರಗಿದ್ರೂ ನಡೆಯುತ್ತೆ ಅಂದಿದಾರೆ ಡಾಕ್ಟ್ರು. ಅದು ನನ್ನ ಚೀಲದಲ್ಲೇ ಇರ್ಲಿ."

"ಬಿಸಿಲಲ್ಲಿ ಕಾರು ಬಾಣಲೆ ಆಗುತ್ತೆ. ಎಲ್ಲಾ ಕೊಡು ಇಲ್ಲಿ."

ಕೊಟ್ಟಳು. ಒಂದು ವರ್ಷದಲ್ಲಿ ಮೊದಲ ಸಲ ಅವಳು ಆ ಪೆನ್ನನ್ನು ಕೈಬಿಟ್ಟದ್ದು.

ಇದಕ್ಕಾಗಿ ನಾನೇ ಮಾಡಿದ ತಂಪು ಪೆಟ್ಟಿಗೆಯ ವಿಷಯ ಸ್ವಲ್ಪ ಹೇಳಬೇಕು. ಮಾಂಸದ ಗಾಡಿಗಳಲ್ಲಿ ಉಪ್ಪುನೀರು ತುಂಬಿದ ಚಪ್ಪಟೆ ತಗಡಿನ ಡಬ್ಬಿಗಳನ್ನು ಇಡುತ್ತಾರೆ. ರಾತ್ರಿಯೆಲ್ಲ ಫ್ರೀಜರಿನಲ್ಲಿಟ್ಟು ಬೆಳಗ್ಗೆ ಗಾಡಿಗೆ ಸಿಕ್ಕಿಸಿದರೆ ಸಂಜೆಯವರೆಗೆ ತಂಪು ಕೊಡುತ್ತವೆ. ಅಂಥ ನಾಲ್ಕು ತಗಡು ಹಾಕಿ, ಒಳಗೆ ದಪ್ಪ ಕಂಬಳಿ ಬಟ್ಟೆಯ ಗೋಡೆ ಕಟ್ಟಿ, ಈ ಕಡೆ ಮೀನಿಗೆ, ಆ ಕಡೆ ಔಷಧಿಗೆ ಅಂತ ಜಾಗ ಮಾಡಿದ್ದೆ. ಲೆಕ್ಕ ಕರಾರುವಾಕ್ಕಾಗಿತ್ತು. ಆದರೆ ನಮ್ಮ ಕಸುಬಿನ ಲೆಕ್ಕವೆಲ್ಲ ಬಾಗಿಲು ತೆಗೆಯುವವರನ್ನು ನಂಬಿ ಮಾಡಿದ್ದು. ಗಾಡಿಯವನು ದಿನಕ್ಕೆ ನಲವತ್ತು ಸಲ ಬಾಗಿಲು ತೆಗೆಯುತ್ತಾನೆ, ಆಗೆಲ್ಲ ಒಳಗೆ ಬಿಸಿ ಹೋಗುತ್ತದೆ, ಅದನ್ನೂ ಸೇರಿಸಿಯೇ ತಗಡು ಎಷ್ಟು ಬೇಕೆಂದು ಗುಣಿಸುತ್ತೇವೆ. ನಾನೂ ರೂಢಿಯಂತೆ ಹಾಗೇ ಗುಣಿಸಿದೆ.

ಮೊದಲ ದಿನ ಸಂಜೆ ಸ್ವರ್ಗ. ಅತ್ತೆ ಮಡಚುವ ಕುರ್ಚಿ ಹಾಕಿಕೊಂಡು, ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಕಾಯುವ ಹಾಗೆ ನೀರನ್ನೇ ದುರುಗುಟ್ಟಿ ನೋಡುತ್ತ ಕೂತರು. ಅರ್ಧ ಗಂಟೆಯಲ್ಲಿ ನನ್ನ ಮೊಣಕೈಯಷ್ಟು ಉದ್ದದ ಮೀನು ಅವರ ಗಾಳಕ್ಕೆ ಬಿತ್ತು. ನನ್ನ ಗಾಳಕ್ಕೆ ಒಂದು ಹಳೆಯ ಚಪ್ಪಲಿ. ಗುಬ್ಬಿ ನೆಲದ ಮೇಲೆ ಹೊರಳಾಡಿ ನಕ್ಕಳು, "ಅಪ್ಪ, ಇನ್ನೊಂದು ಕಾಲಿಂದೂ ಹಿಡಿ" ಅಂದಳು. ಹೆಂಡತಿಯೂ ನಕ್ಕಳು. ಅವಳಿಗೆ ನಗುವಾಗ ಮೂಗು ಸುಕ್ಕಾಗುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು.

"ಈ ಮೀನು ಮನೆವರೆಗೂ ಕೆಡದೆ ಇರುತ್ತಾ ಅಳಿಯಂದ್ರೇ?" ಅಂದರು ಅತ್ತೆ.

"ಕಲ್ಲಾಗಿರುತ್ತೆ, ನೋಡ್ತಿರಿ."

"ಹಾಗಾದ್ರೆ ಬೆಳಗ್ಗೆವರೆಗೂ ಯಾರೂ ಮುಚ್ಚಳ ಮುಟ್ಟಬೇಡಿ" ಅಂತ ಅವರೇ ಅಪ್ಪಣೆ ಕೊಡಿಸಿದರು. ರಾತ್ರಿಗೆ ಬೇಕಾದ ಇಂಜೆಕ್ಷನ್ ಮುಗಿಸಿ ಪೆನ್ನನ್ನು ಒಳಗಿಟ್ಟು ಮುಚ್ಚಿದೆವು. "ಅಳಿಯ ಅಂದ್ರೆ ಹೀಗಿರಬೇಕು" ಅಂತಲೂ ಅಂದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ನಾನು ಉಬ್ಬಿಹೋದೆ.

ಬೆಳಗ್ಗೆ ಆರೂವರೆಗೆ ಎದ್ದು ಮುಚ್ಚಳ ತೆಗೆದೆ. ಮೀನು ನಿಜವಾಗಿಯೂ ಕಲ್ಲಾಗಿತ್ತು. ಕಂಬಳಿ ಬಟ್ಟೆಯ ಮೇಲೂ ಹಿಮ ಹಿಡಿದಿತ್ತು. ಆ ಕಡೆ ಕೈ ಹಾಕಿ ಪೆನ್ನು ತೆಗೆದು ಬೆಳಕಿಗೆ ಹಿಡಿದೆ. ಒಳಗೆ ಬಿಳಿ ಬಿಳಿ ಎಳೆಗಳು. ಹೊಸ ಡಬ್ಬಿ ಒಡೆದೆ, ಅದರಲ್ಲಿದ್ದ ಐದು ಪೆನ್ನುಗಳೂ ಹಾಗೇ.

ರಾತ್ರಿಯಿಡೀ ಯಾರೂ ಮುಚ್ಚಳ ತೆಗೆದಿರಲಿಲ್ಲ, ಒಳಗೆ ಬಿಸಿ ಹೋಗಿರಲಿಲ್ಲ, ನಾಲ್ಕು ತಗಡು ಹೆಚ್ಚಾಗಿಹೋಗಿತ್ತು. ಅಷ್ಟೇ ಆಗಿದ್ದು.

ಪೆನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಬಚ್ಚಲಿನ ಬಾಗಿಲು ಹಾಕಿಕೊಂಡು ಕೂತೆ. ಹತ್ತು ನಿಮಿಷಕ್ಕೆ ಕರಗಿತು. ನೀರಿನಷ್ಟು ತಿಳಿಯಾಗಿತ್ತು, ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ. ಗೊತ್ತಿಲ್ಲದವನಾದರೆ ಮೋಸ ಹೋಗಬಹುದಿತ್ತು. ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಒಂದು ಔಷಧಿ ಅಂಗಡಿಯ ಫ್ರಿಜ್ಜು ಕೆಟ್ಟು ಹೀಗೇ ಆದಾಗ, "ಒಂದ್ಸಲ ಹೆಪ್ಪುಗಟ್ಟಿದ್ದು ಔಷಧಿ ಅಲ್ಲಾರೀ, ನೀರು. ಮೋರಿಗೆ ಸುರೀರಿ" ಅಂತ ಮಾಲೀಕನಿಗೆ ಉಗಿದು ಬಂದವನು ನಾನೇ.

ಹೇಳಬೇಕಿತ್ತು. ಬಾಯಿ ಬರಲಿಲ್ಲ. ಹಿಂದಿನ ಸಂಜೆಯ ಆ ನಗು, ಅತ್ತೆಯ ಆ ಮಾತು, "ನನ್ನ ಜವಾಬ್ದಾರಿ" ಅಂತ ಎದೆ ತಟ್ಟಿಕೊಂಡದ್ದು ಎಲ್ಲ ಅಡ್ಡ ಬಂದವು. ಅರ್ಧದಷ್ಟಾದರೂ ಕೆಲಸ ಮಾಡೀತು, ಮಧ್ಯಾಹ್ನದವರೆಗೆ ನೋಡೋಣ ಅಂದುಕೊಂಡೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಏಳು ಗಂಟೆಗೆ ಹೆಂಡತಿ ಆ ಪೆನ್ನಿನಿಂದಲೇ ಚುಚ್ಚಿದಳು. ಗುಬ್ಬಿ ಹೆದರಬಾರದು ಅಂತ ಯಾವಾಗಲೂ ನಾನೇ ಕೈ ಹಿಡಿದುಕೊಳ್ಳುತ್ತೇನೆ. ಅವತ್ತೂ ಹಿಡಿದುಕೊಂಡೆ.

ಹತ್ತು ಗಂಟೆಗೆ ಬೆರಳಿನ ರಕ್ತ ನೋಡಿದರೆ ಸಕ್ಕರೆ ಇನ್ನೂರ ಎಂಬತ್ತು. "ಸರಿಯಾಗಿ ಚುಚ್ಚಲಿಲ್ವೇನೋ ನಾನು" ಅಂತ ಹೆಂಡತಿ ಇನ್ನಷ್ಟು ಕೊಟ್ಟಳು. ಹನ್ನೆರಡಕ್ಕೆ ಮುನ್ನೂರ ಐವತ್ತು. ಗುಬ್ಬಿ ಗಾಳ ಕೆಳಗಿಟ್ಟು ನೀರು ಕುಡಿಯಲು ಶುರು ಮಾಡಿದಳು. ಬಾಟಲಿ ಖಾಲಿ ಮಾಡುವುದು, ಬಚ್ಚಲಿಗೆ ಓಡುವುದು, ಮತ್ತೆ ಬಾಟಲಿ. ನಾನು ದಂಡೆಯಲ್ಲಿ ಕೂತು ಗಾಳದ ಬೆಂಡನ್ನು ನೋಡುತ್ತಿದ್ದೆ. ಮೀನು ಕಚ್ಚಿ ಬೆಂಡು ಮುಳುಗಿದರೂ ಎಳೆಯಲಿಲ್ಲ. ಇನ್ನೊಂದು ಗಂಟೆ, ಇನ್ನೊಂದೇ ಗಂಟೆ. ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದೆ.

ಮೂರು ಗಂಟೆಗೆ ಹೆಂಡತಿಯ ತಾಳ್ಮೆ ಕಿತ್ತುಹೋಯಿತು. ಔಷಧಿ ಕೊಟ್ಟಿದೆ, ಪ್ರಮಾಣ ಸರಿಯಿದೆ, ಸಕ್ಕರೆ ಏರುತ್ತಲೇ ಇದೆ, ಅಂದಮೇಲೆ ಹುಡುಗಿ ಕದ್ದು ಏನೋ ತಿಂದಿರಬೇಕು.

"ಗುಬ್ಬಿ, ಏನ್ ತಿಂದೆ?"

"ಏನೂ ಇಲ್ಲಮ್ಮ."

"ಬಿಸ್ಕತ್ತಿನ ಪೊಟ್ಟಣ ಎಲ್ಲಿ?"

"ಅಜ್ಜಿ ಹತ್ರ ಇದೆ."

ಹೆಂಡತಿ ಗುಬ್ಬಿಯ ಬ್ಯಾಗನ್ನು ಮಂಚದ ಮೇಲೆ ಸುರಿದಳು. ದಿಂಬಿನ ಕವರು ತಿರುವಿ ಹಾಕಿದಳು, ಜೇಬುಗಳನ್ನು ಹೊರಗೆಳೆದಳು. ಅತ್ತೆ ಪೊಟ್ಟಣದ ಬಿಸ್ಕತ್ತುಗಳನ್ನು ಎಣಿಸಿ, "ಕಡಿಮೆ ಇರೋ ಹಾಗಿದೆ" ಅಂದರು. ಕಡಿಮೆಯಾದದ್ದನ್ನು ಬೆಳಗ್ಗೆ ಚಹಾದ ಜೊತೆ ತಿಂದವರು ಅವರೇ. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಗುಬ್ಬಿ ಒಮ್ಮೆ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ನಿಜ ಹೇಳು ಕಂದ, ಬಯ್ಯಲ್ಲ. ನೀನು ಹೇಳದೆ ಇದ್ರೆ ಎಷ್ಟು ಔಷಧಿ ಕೊಡ್ಬೇಕು ಅಂತ ನಂಗೆ ಗೊತ್ತಾಗಲ್ಲ" ಅನ್ನುತ್ತ ಹೆಂಡತಿ ಅಲ್ಲೇ ಕುಸಿದು ಕೂತು ಅಳತೊಡಗಿದಳು. ವರ್ಷದಿಂದ ತಡೆದಿಟ್ಟದ್ದೆಲ್ಲ ಆಗ ಬಂತು.

ಗುಬ್ಬಿ ಅಮ್ಮನನ್ನೇ ನೋಡಿದಳು. ತುಟಿ ಒಣಗಿತ್ತು. "ತಿಂದೆ" ಅಂದಳು ಮೆಲ್ಲಗೆ. "ನಾಲ್ಕು. ಸಾರಿ ಅಮ್ಮ."

ಹೇಳಿ ಮುಗಿಸುವಷ್ಟರಲ್ಲೇ ವಾಂತಿ ಮಾಡಿಕೊಂಡಳು. ಎತ್ತಿಕೊಳ್ಳಲು ಬಗ್ಗಿದಾಗ ಅವಳ ಉಸಿರು ಮೂಗಿಗೆ ಬಡಿಯಿತು. ಗೋದಾಮಿನಲ್ಲಿ ಹಣ್ಣು ಮಿತಿಮೀರಿ ಮಾಗಿದಾಗ ಬರುವ ವಾಸನೆ. ಆ ವಾಸನೆ ಬಂದರೆ ಮಾಲೆಲ್ಲ ಕೆಡತೊಡಗಿದೆ ಅಂತ ಇಡೀ ಕೋಣೆ ಖಾಲಿ ಮಾಡಿಸುತ್ತೇವೆ.

"ಅವಳು ಏನೂ ತಿಂದಿಲ್ಲ" ಅಂದೆ. "ಔಷಧಿ ಹೆಪ್ಪುಗಟ್ಟಿಬಿಟ್ಟಿದೆ. ಕೆಟ್ಟುಹೋಗಿದೆ. ಆಸ್ಪತ್ರೆಗೆ ನಡೀರಿ."

"ಯಾವಾಗ?" ಅಂದಳು ಹೆಂಡತಿ.

"ಈಗ ಹೊಳೀತು."

ಆಗಲೂ ಸುಳ್ಳು. ಜೀವ ಹೋಗುವ ಹೊತ್ತಿನಲ್ಲೂ ನನ್ನ ಮಾನ ನನಗೆ ದೊಡ್ಡದಾಗಿತ್ತು.

ಹತ್ತಿರದ ಆಸ್ಪತ್ರೆ ಒಂದೂವರೆ ಗಂಟೆಯ ದಾರಿ. ರಜೆಯ ಕಾರುಗಳೆಲ್ಲ ಕೆರೆಯ ಕಡೆಗೆ ಬರುತ್ತಿದ್ದವು, ಮೇಲೆ ದೋಣಿ ಕಟ್ಟಿಕೊಂಡು, ಕಿಟಕಿಯಿಂದ ಮಕ್ಕಳು ಕೈ ಬೀಸುತ್ತ. ನಾನೊಬ್ಬನೇ ಉಲ್ಟಾ. ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಹಿಂದಿನ ಸೀಟಿನಲ್ಲಿ ಗುಬ್ಬಿ ಅಮ್ಮನ ತೊಡೆಯ ಮೇಲೆ ಮಲಗಿ, ಮೆಟ್ಟಿಲು ಹತ್ತಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. "ಗುಬ್ಬಿ, ಏಳರ ಮಗ್ಗಿ ಹೇಳು" ಅನ್ನುತ್ತಿದ್ದರು ಅತ್ತೆ. ಏಳು ಮೂರಲೆ ತನಕ ಹೇಳಿದಳು. ಆಮೇಲೆ ಹೇಳಲಿಲ್ಲ. ಅತ್ತೆ ಒಬ್ಬರೇ ಏಳು ಹತ್ತಲೆ ಎಪ್ಪತ್ತರವರೆಗೆ ಹೇಳಿ, ಮತ್ತೆ ಮೊದಲಿಂದ ಶುರು ಮಾಡಿದರು.

ದೇವರೇ, ನನ್ನ ಕೈಕಾಲು ಬೇಕಾದರೆ ತಗೋ, ಕಣ್ಣು ತಗೋ, ಇವಳನ್ನು ಉಳಿಸು ಅಂತ ಬೇಡಿಕೊಳ್ಳುತ್ತಿದ್ದೆ. ಆಗ ಹೆಂಡತಿ ಹಿಂದಿನಿಂದ ನನ್ನ ಹೆಗಲ ಮೇಲೆ ಕೈಯಿಟ್ಟಳು.

"ನೀವು ನಿಮ್ಮನ್ನೇ ಬೈಕೋಬೇಡಿ. ಯಾರಿಗೆ ಗೊತ್ತಿರುತ್ತೆ ಹೀಗಾಗುತ್ತೆ ಅಂತ. ಈಗಲಾದ್ರೂ ಹೊಳೀತಲ್ಲ, ಅದೇ ಪುಣ್ಯ."

ಆ ಕೈ ಕೆಂಡದಂತೆ ಸುಟ್ಟಿತು. ದಾರಿಯುದ್ದಕ್ಕೂ ಅವಳು ಅದನ್ನು ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಗುಬ್ಬಿಯನ್ನು ಗಾಲಿಮಂಚದ ಮೇಲೆ ಹಾಕಿ ಒಳಗೆ ತಳ್ಳಿಕೊಂಡು ಹೋದರು. ಡಾಕ್ಟರಮ್ಮ ಕಾಗದ ಪೆನ್ನು ಹಿಡಿದು ಹೊರಗೆ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಗಟ್ಟಿ.

"ಮೈಯಲ್ಲಿ ಆಮ್ಲ ಏರಿದೆ. ಡ್ರಿಪ್ ಶುರು ಮಾಡಿದೀವಿ. ಎಷ್ಟು ಹೊತ್ತಿಂದ ಅವಳಿಗೆ ಇನ್ಸುಲಿನ್ ಇಲ್ಲ ಅಂತ ಗೊತ್ತಾಗ್ಬೇಕು. ಅಂದಾಜು ಬೇಡ. ಔಷಧಿ ಯಾವಾಗ ಹೆಪ್ಪುಗಟ್ಟಿದ್ದು?"

"ಮಧ್ಯಾಹ್ನ ಇರಬೇಕು ಅಲ್ವಾರೀ?" ಅಂದಳು ಹೆಂಡತಿ. "ಇವರು ಮೂರು ಗಂಟೆಗೆ ನೋಡಿದ್ದು."

ಹೌದು ಅಂದರೆ ಮುಗಿದುಹೋಗುತ್ತಿತ್ತು. ಡಾಕ್ಟರಮ್ಮನ ಪೆನ್ನು ಕಾಗದದ ಮೇಲೆ ನಿಂತಿತ್ತು.

"ಬೆಳಗ್ಗೆ ಆರೂವರೆಗೆ ನೋಡಿದೆ" ಅಂದೆ. "ಆಗಲೇ ಹೆಪ್ಪುಗಟ್ಟಿತ್ತು. ಇವತ್ತು ಕೊಟ್ಟಿದ್ದೆಲ್ಲ ಅದನ್ನೇ. ರಾತ್ರಿದು ಮಾತ್ರ ಸರಿಯಾಗಿತ್ತು."

ಡಾಕ್ಟರಮ್ಮ ಬರೆದುಕೊಂಡು ಒಳಗೆ ಓಡಿದರು. ಅತ್ತೆ ಗೋಡೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ಹೆಂಡತಿ ಕೂಗಲಿಲ್ಲ, ಹೊಡೆಯಲಿಲ್ಲ.

"ಏಳು ಗಂಟೆಗೆ ನಾನು ಚುಚ್ಚುವಾಗ ಅವಳ ಕೈ ಹಿಡ್ಕೊಂಡಿದ್ರಿ" ಅಂದಳು.

"ಹೂಂ."

"ಬಿಸ್ಕತ್ತು ತಿಂದೆ ಅಂತ ಅವಳ ಬಾಯಿಂದ ಹೇಳಿಸಿದೆ ನಾನು."

ಅವಳು ಬೆಂಚಿನ ಇನ್ನೊಂದು ತುದಿಗೆ ಹೋಗಿ, ಅಮ್ಮನ ಆಚೆ ಬದಿಗೆ ಕೂತಳು.

ಮೂರು ಗಂಟೆ ಹಾಗೇ ಕಾದೆವು. ಆಮೇಲೆ ನರ್ಸ್ ಬಂದು ಸಕ್ಕರೆ ಇಳಿಯುತ್ತಿದೆ, ಎಚ್ಚರವಾಗಿದ್ದಾಳೆ, ಒಬ್ಬರು ಮಾತ್ರ ಒಳಗೆ ಬನ್ನಿ ಅಂದರು. ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಹೆಂಡತಿ ಎದ್ದು ಬಾಗಿಲವರೆಗೆ ಹೋದವಳು ಅಲ್ಲೇ ನಿಂತು ತಿರುಗಿದಳು.

"ನೀವೇ ಹೋಗಿ. ಅವಳಿಗೆ ನೀವೇ ಹೇಳಿ."

ಗುಬ್ಬಿ ಬಿಳಿ ಹೊದಿಕೆಯಡಿ ಅರ್ಧದಷ್ಟೇ ಇದ್ದಾಳೆ ಅನ್ನಿಸಿತು. ಕೈಗೆ ನಳಿಕೆ. ಪಕ್ಕದ ಕುರ್ಚಿಯಲ್ಲಿ ಕೂತು ಇನ್ನೊಂದು ಕೈ ಹಿಡಿದುಕೊಂಡೆ.

"ಅಪ್ಪ" ಅಂದಳು, ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ. "ನಾನು ಬಿಸ್ಕತ್ತು ತಿಂದಿರ್ಲಿಲ್ಲ. ಅಮ್ಮ ಅಳ್ತಿದ್ಲಲ್ಲ, ಅದಕ್ಕೆ ತಿಂದೆ ಅಂದೆ. ಅಮ್ಮಂಗೆ ಹೇಳ್ತೀಯಾ?"

"ಅಮ್ಮಂಗೆ ಗೊತ್ತಾಗಿದೆ ಪುಟ್ಟಿ."

"ನಿಂಗೆ?"

"ನಂಗೆ ಬೆಳಗ್ಗೆನೇ ಗೊತ್ತಿತ್ತು. ಔಷಧಿ ಕೆಟ್ಟಿತ್ತು. ನಾನು ಕೆಡಿಸಿದ್ದೆ. ಹೇಳೋಕೆ ಹೆದರಿಕೆ ಆಯ್ತು, ಹೇಳ್ಲಿಲ್ಲ."

ಅವಳು ಮೇಲಿನ ದೀಪ ನೋಡಿದಳು.

"ನನ್ನ ಬ್ಯಾಗ್ ಸುರೀವಾಗ ನೀನು ಬಾಗಿಲ ಹತ್ರ ಇದ್ಯಲ್ಲ."

"ಇದ್ದೆ."

"ನಾನು ನಿನ್ನ ನೋಡಿದೆ."

"ಗೊತ್ತು ಕಂದ."

ಅವಳ ಬೆರಳುಗಳು ನನ್ನ ಕೈಯಿಂದ ನಿಧಾನವಾಗಿ ಹೊರಗೆ ಸರಿದವು. ಸಿಟ್ಟಿನಿಂದಲ್ಲ, ಹೊದಿಕೆಯೊಳಗೆ ಇಟ್ಟುಕೊಳ್ಳಲು ಅನ್ನುವ ಹಾಗೆ.

"ಅಮ್ಮನ್ನ ಕರಿ" ಅಂದಳು.

ನಾನು ಎದ್ದು ಹೊರಗೆ ಹೋಗಿ ಅವಳ ಅಮ್ಮನನ್ನು ಕರೆದೆ.